ಡಾಕ್ಟರಮ್ಮನ ನಿಷೇಧಿತ ಹೋರಿ

ಡಾಕ್ಟರಮ್ಮನ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಯಾವುದೋ ಸೀಮೆಹಸು ಒದ್ದದ್ದರ ಗುರುತು. ಹೀಗಾಗಿ ಕಾರ್ಡುಗಳನ್ನು ಎರಡು ಪಾಲು ಮಾಡಿ ಫರ್ರನೆ ಕಲೆಸುವುದು ಅವರಿಂದ ಆಗುತ್ತಿರಲಿಲ್ಲ. ಎಲ್ಲವನ್ನೂ ಮೇಜಿನ ಮೇಲೆ ಬೋರಲಾಗಿ ಸುರಿದು, ಎರಡೂ ಅಂಗೈಯಲ್ಲಿ ರಾಗಿ ಹರವಿದ ಹಾಗೆ ಹರವಿ, ಮತ್ತೆ ಗುಡ್ಡೆ ಮಾಡಿ, "ಹೂಂ, ಕಟ್ ಮಾಡ್ರೀ" ಎನ್ನುತ್ತಿದ್ದರು. ಆ ಬೆರಳು ನೋಡಿ ಮೊದಲ ದಿನ ನನಗೆ ಅಯ್ಯೋ ಅನ್ನಿಸಿತ್ತು. ಎರಡನೆಯ ಆಟ ಸೋತ ಮೇಲೆ ಅನ್ನಿಸಲಿಲ್ಲ.

ತಿಪಟೂರಿನಲ್ಲಿ ನನ್ನದು ಸ್ಟೇಷನರಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ನಮ್ಮ ತಂದೆ ಕೊಬ್ಬರಿ ತುಂಬಿಡುತ್ತಿದ್ದರು. ಈಗ ಅಲ್ಲಿ ಭಾನುವಾರ ಮಧ್ಯಾಹ್ನ ನಾವೊಂದಷ್ಟು ಜನ ಟ್ರೇಡಿಂಗ್ ಕಾರ್ಡ್ ಆಡುತ್ತೇವೆ. ಇಸ್ಪೀಟಲ್ಲ. ಪಕ್ಕದ ಬೀದಿಯವರು ಇನ್ನೂ ಇಸ್ಪೀಟೆಂದೇ ತಿಳಿದಿದ್ದಾರೆ, ತಿಳಿಸಿ ತಿಳಿಸಿ ನನಗೆ ಸಾಕಾಗಿದೆ. ಇಲ್ಲಿ ಒಬ್ಬೊಬ್ಬರದು ಒಂದೊಂದು ಕಟ್ಟು. ಕಂಪನಿಯವರು ಅಚ್ಚು ಹಾಕುವ ಸಾವಿರಾರು ಚಿತ್ರವಿಚಿತ್ರ ಪ್ರಾಣಿಗಳಲ್ಲಿ ಬೇಕಾದ್ದನ್ನು ಆರಿಸಿ, ಕೊಂಡು, ಬದಲಾಯಿಸಿಕೊಂಡು ನಾವೇ ನಮ್ಮ ಕಟ್ಟು ಜೋಡಿಸಬೇಕು. ಆಮೇಲೆ ಒಬ್ಬರ ಸೈನ್ಯದ ಮೇಲೆ ಇನ್ನೊಬ್ಬರದು. ಕೆಲವೊಮ್ಮೆ ಒಂದು ಕಾರ್ಡು ಮಿತಿಮೀರಿ ಬಲವಾಗಿಬಿಡುತ್ತದೆ. ಆಗ ಕಂಪನಿಯವರು ನಿಷೇಧದ ಪಟ್ಟಿ ಹೊರಡಿಸಿ, ಇನ್ನು ಪಂದ್ಯಗಳಲ್ಲಿ ಇದನ್ನು ಮುಟ್ಟಕೂಡದು ಎನ್ನುತ್ತಾರೆ. ಅವತ್ತು ಒಂದು ಮನೆಯಲ್ಲಿ ಸೂತಕ, ಪಕ್ಕದ ಮನೆಯಲ್ಲಿ ಹೋಳಿಗೆ.

ಡಾಕ್ಟರಮ್ಮ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯೆ. ಹುಳಿಯಾರು ಕಡೆಯ ಒಂದು ಹಟ್ಟಿಯಲ್ಲಿ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವರು. ಆಸ್ಪತ್ರೆಗೆ ಸ್ಟಾಂಪ್ ಪ್ಯಾಡ್ ಕೊಳ್ಳಲು ಬಂದವರು ಒಳಗಿನ ಗಲಾಟೆ ಕೇಳಿ ಇಣುಕಿದರು. "ಏನ್ರೀ ಅದು, ಎರಡು ತಲೆ ಕರು?" ಎಂದು ಒಂದು ಕಾರ್ಡು ಎತ್ತಿ ನೋಡಿದರು. ಕೂತರು. ಸ್ಟಾಂಪ್ ಪ್ಯಾಡ್ ಮರೆತು ಹೋದರು. ಐವತ್ತು ದಾಟಿದ ಹೆಂಗಸು ಮುಂದಿನ ತಿಂಗಳು ಸ್ವಂತ ಕಟ್ಟು ಹಿಡಿದು ಬಂದಾಗ ನಾವು ಒಳಗೊಳಗೇ ನಕ್ಕೆವು. ನಗು ಬಹಳ ದಿನ ಉಳಿಯಲಿಲ್ಲ.

ದನಗಳನ್ನು ಗದರಿಸುವ ದನಿಯಲ್ಲೇ ಅವರು ನಮ್ಮನ್ನೂ ಗದರಿಸುತ್ತಿದ್ದರು. ನಾನು ಯಾವ ಕಾರ್ಡು ಇಳಿಸಲಿ ಎಂದು ಚಡಪಡಿಸುತ್ತಿದ್ದರೆ, "ಸುಮ್ನೆ ನಿಂತ್ಕೊಳ್ರೀ, ಸೂಜಿ ಚುಚ್ತಾ ಇಲ್ಲ" ಎನ್ನುವರು. ಖಾರದ ಪುರಿ ತರುವವರೂ ಅವರೇ, ಎಣ್ಣೆಗೈಯಲ್ಲಿ ಕಾರ್ಡು ಮುಟ್ಟಿದರೆ ಬೈಯುವವರೂ ಅವರೇ. ಸೋತರೆ, ಅಪರೂಪಕ್ಕೆ ಸೋತರೆ, "ಜೀವ ಒಂದಿದ್ಯಲ್ಲ, ಇನ್ನೊಂದಾಟ ಹಾಕಿ" ಎಂದು ನಗುವರು. ನನಗಂತೂ ಸೋತು ನಗುವ ಗುಣ ದೇವರು ಕೊಟ್ಟಿಲ್ಲ.

ಅವರಿಗಾಗಿಯೇ ನಮ್ಮಲ್ಲೊಂದು ನಿಯಮ ಇತ್ತು. ಆಟದ ನಡುವೆ ಹಸು ಈಯುತ್ತಿದೆ ಎಂದು ಫೋನ್ ಬಂದರೆ ಆಟ ಇದ್ದಲ್ಲಿಗೇ ನಿಲ್ಲಬೇಕು. ಮೇಜಿನ ಕಾರ್ಡುಗಳ ಮೇಲೆ ಬಿದಿರು ಬುಟ್ಟಿಯ ಮಂಕರಿ ಮುಚ್ಚಿ, ಇಬ್ಬರ ಕೈಯಲ್ಲಿದ್ದ ಕಾರ್ಡುಗಳನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ, ಮುಂದಿನ ಭಾನುವಾರ ಅಲ್ಲಿಂದಲೇ ಶುರು. ಪ್ರಪಂಚದ ಬೇರೆ ಯಾವ ಕ್ಲಬ್ಬಿನಲ್ಲೂ ಈ ನಿಯಮ ಇರಲಾರದು. ಇದ್ದಿದ್ದರೆ ಅವರಿಗೂ ನಮ್ಮ ಪಾಡೇ ಆಗುತ್ತಿತ್ತು.

ಅವರ ಬಲವೆಲ್ಲ ಒಂದು ಕಾರ್ಡಿನಲ್ಲಿತ್ತು. ಕಂಪನಿಯವರು ಅದಕ್ಕೆ ಉದ್ದದ ಇಂಗ್ಲಿಷ್ ಹೆಸರಿಟ್ಟಿದ್ದರು, ನಾವು ಹೋರಿ ಎನ್ನುತ್ತಿದ್ದೆವು. ಅದು ಮೇಜಿಗೆ ಬಂದು ನಿಂತರೆ ಪ್ರತಿ ಸುತ್ತಿನಲ್ಲೂ ಎದುರಾಳಿಯ ಕೈಯಿಂದ ಒಂದು ಕಾರ್ಡು ತಿನ್ನುತ್ತದೆ. ಎದುರಾಳಿಯ ಕೈ ಖಾಲಿಯಿದ್ದರೆ ತನ್ನ ಯಜಮಾನನ ಕೈಯಿಂದಲೇ ತಿನ್ನುತ್ತದೆ. ಈ ಎರಡನೆಯ ಮಾತೂ ಕಾರ್ಡಿನ ಮೇಲೇ ಇತ್ತು, ನಾನು ಓದಿಯೂ ಇದ್ದೆ. ಆದರೆ ಕೈ ಖಾಲಿ ಮಾಡಿಕೊಂಡು ಕೂರುವುದುಂಟೇ? ನಾನು ಅಂಗಡಿಯವನು. ನಾಳೆಗಿರಲಿ ಎಂದು ಒಳ್ಳೊಳ್ಳೆಯ ಕಾರ್ಡುಗಳನ್ನು ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಅವರು ಇನ್ನೊಂದು ಕಾರ್ಡು ಹಾಕಿ, "ಇಬ್ಬರಿಗೂ ಎರಡೆರಡು ಕಾರ್ಡು. ತಗೊಳ್ರೀ, ನೀವೂ ತಗೊಳ್ಳಿ" ಎಂದಾಗ ಎಂಥ ಧಾರಾಳಿ ಎಂದುಕೊಂಡು ತೆಗೆದುಕೊಳ್ಳುತ್ತಿದ್ದೆ.

ಆ ವರ್ಷ ಬೆಂಗಳೂರಿನ ದೊಡ್ಡ ಪಂದ್ಯಕ್ಕೆ ನಮ್ಮ ಕ್ಲಬ್ಬಿನಿಂದ ಒಬ್ಬರಿಗೆ ಅವಕಾಶ ಸಿಕ್ಕಿತು. ಕೊನೆಗೆ ಉಳಿದದ್ದು ನಾವಿಬ್ಬರು. ನನಗೆ ಒಂದು ಸಲವಾದರೂ ಹೋಗಲೇಬೇಕೆಂಬ ಹಟ. ಅವರಿಗೆ ಬೀದರ್ ಕಡೆಗೆ ವರ್ಗವಾಗಿತ್ತು, ತಿಪಟೂರಿನ ಹೆಸರಲ್ಲಿ ಆಡಲು ಅದೇ ಕೊನೆಯ ಅವಕಾಶ. ಆಟ ನಡೆಯುತ್ತಿತ್ತು, ಹೋರಿ ಮೇಜಿಗೆ ಬಂದಿತ್ತು, ನಾನು ಬೆವರುತ್ತಿದ್ದೆ. ಅಷ್ಟರಲ್ಲಿ ಅರಳಗುಪ್ಪೆಯಿಂದ ಫೋನು. "ಮೇಡಮ್ಮೋರೇ, ಕರು ಅಡ್ಡ ಸಿಕ್ಕಂಡೈತೆ, ಬೇಗ ಬನ್ನಿ!" ಅವರು ಸ್ಕೂಟರ್ ಹತ್ತಿದರು. ನಾವು ಮಂಕರಿ ಮುಚ್ಚಿದೆವು.

ಆ ವಾರದಲ್ಲೇ ಹೊಸ ಪಟ್ಟಿ ಬಂತು. ಹೋರಿ ನಿಷೇಧ!

ನಾನು ಅಂಗಡಿಯಲ್ಲಿ ಒಬ್ಬನೇ ಕುಣಿದಿದ್ದನ್ನು ನನ್ನ ಹೆಂಡತಿ ಇವತ್ತಿಗೂ ನೆಂಟರಿಗೆಲ್ಲ ಹೇಳುತ್ತಾಳೆ. ಭಾನುವಾರ ಮಂಕರಿ ಎತ್ತುವ ಮೊದಲೇ ಜಗಳ ಶುರುವಾಯಿತು. "ನಿಷೇಧ ಅಂದ್ರೆ ನಿಷೇಧ. ಹೋರಿ ಎತ್ತಿ ಆಚೆಗಿಡಿ" ಎಂದು ನಾನು. "ಆಟ ಶುರುವಾದಾಗ ಇದ್ದ ಕಾನೂನೇ ಕಾನೂನು. ಹೊಟ್ಟೇಲಿರೋ ಕರುಗೆ ಹೊಸ ಕಾನೂನು ಹಾಕ್ತೀರೇನ್ರೀ?" ಎಂದು ಅವರು. ಅವರೇನೂ ತ್ಯಾಗಮಯಿಯಲ್ಲ, ಮೇಜು ಗುದ್ದಿ ವಾದಿಸಿದರು. ಕ್ಲಬ್ಬು ಎರಡು ಹೋಳಾಯಿತು. ತೀರ್ಪು ಹೇಳಬೇಕಾದ ಕೊಬ್ಬರಿ ಮಂಡಿಯ ಗೆಳೆಯ, "ಪಟ್ಟಿ ಮಾಡಿದೋರಿಗೆ ಮಂಕರಿ ವಿಷ್ಯ ಗೊತ್ತಿಲ್ವಲ್ಲಪ್ಪ" ಎಂದು ತಲೆ ಕೆರೆದುಕೊಂಡ.

ಆಗ ಡಾಕ್ಟರಮ್ಮ ತಟ್ಟನೆ ಎದ್ದರು. "ಹೋರಿ ಯಾರ ಹತ್ರ ಇದ್ಯೋ ಅವರು ಗೆದ್ದಂಗೇ ಅಂತ ತಾನೇ ನೀವನ್ನೋದು? ಹಂಗಾದ್ರೆ ಈ ಕಡೆ ಬಂದು ಕೂತ್ಕೊಳ್ಳಿ. ಹೋರಿ ನಿಮ್ದೇ. ನಿಮ್ಮ ಸೋತ ಆಟ ನಾನು ಆಡ್ತೀನಿ. ಗೆದ್ದೋರು ಬೆಂಗಳೂರಿಗೆ."

ನನಗೆ ನಂಬಲಾಗಲಿಲ್ಲ. ಅವರು ಮನಸ್ಸು ಬದಲಿಸುವುದರೊಳಗೆ ಓಡಿಹೋಗಿ ಅವರ ಕುರ್ಚಿಯಲ್ಲಿ ಕೂತೆ.

ನನ್ನ ಕಾರ್ಡುಗಳನ್ನು ಲಕೋಟೆಯಿಂದ ತೆಗೆದು ಅವರು ಒಮ್ಮೆ ನೋಡಿದರು. ಹೋರಿ ತಿಂದು ಉಳಿದಿದ್ದ, ನಾನು ಜೋಪಾನ ಮಾಡಿದ್ದ ಸಣ್ಣಪುಟ್ಟ ಪ್ರಾಣಿಗಳನ್ನೆಲ್ಲ ಒಂದಾದ ಮೇಲೊಂದು ಮೇಜಿಗೆ ಇಳಿಸಿಬಿಟ್ಟರು. ಕೈ ಖಾಲಿ! ಬರೀ ಅಂಗೈಗಳನ್ನು ನನಗೆ ತೋರಿಸಿ ಪುರಿ ತಿನ್ನತೊಡಗಿದರು. ಹೋರಿ ಅತ್ತ ನೋಡಿತು, ತಿನ್ನಲು ಏನೂ ಇಲ್ಲ. ತಿರುಗಿ ನನ್ನ ಕೈಗೇ ಬಾಯಿ ಹಾಕಿತು. ಒಂದು ಸುತ್ತು, ಇನ್ನೊಂದು ಸುತ್ತು, ನನ್ನ ಕೈಗೆ ಬಂದಿದ್ದ ಅವರ ಒಳ್ಳೆಯ ಕಾರ್ಡುಗಳೆಲ್ಲ ಅದರ ಹೊಟ್ಟೆಗೆ. ನನ್ನವೇ ಆದ ಆ ಚಿಲ್ಲರೆ ಪ್ರಾಣಿಗಳು ನನ್ನನ್ನು ಮುತ್ತಿ ಮುಗಿಸಿದವು.

"ಇಬ್ಬರಿಗೂ ಎರಡೆರಡು ಕೊಡೋ ಕಾರ್ಡು ನಿಮ್ಮ ಕೈಲೇ ಇತ್ತಲ್ರೀ, ನಾನೇ ಬಿಟ್ಟೋಗಿದ್ದು. ಅದು ಹೋರಿಗೆ ಮೇವು. ಅದನ್ನ ಹಾಕಿದ್ರೆ ನಾನು ಸತ್ತೇಹೋಗ್ತಿದ್ದೆ" ಎಂದರು.

"ಎದುರಾಳಿಗೆ ಯಾಕ್ ಮೇಡಂ ಪುಕ್ಕಟೆ ಕೊಡ್ಲಿ?" ಎಂದೆ.

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೀವು ಕೊಡಲ್ಲ ಅಂತ ಗೊತ್ತಿದ್ದಕ್ಕೇ ಸೀಟು ಬದಲಾಯಿಸಿದ್ದು ಕಣ್ರೀ."

ಆದರೆ ಗೆದ್ದವರ ಹತ್ತಿರ ಆಡಲು ಕಟ್ಟು ಇರಲಿಲ್ಲ. ಬೆಂಗಳೂರಿನಲ್ಲಿ ಹೋರಿಗೆ ಪ್ರವೇಶವಿಲ್ಲ, ಹೋರಿಯಿಲ್ಲದೆ ಅವರ ಉಳಿದ ಕಾರ್ಡುಗಳು ಯಾವ ಕೆಲಸಕ್ಕೂ ಬಾರವು. ಒಂದೇ ಪಟ್ಟಿಯಿಂದ ಅವರ ಎರಡು ವರ್ಷದ ಜೋಡಣೆ ಮಣ್ಣುಪಾಲಾಗಿತ್ತು. ಎರಡು ದಿನ ಬಿಟ್ಟು ಅಂಗಡಿಗೆ ಬಂದು, ಸುತ್ತಿಬಳಸದೆ, "ನಿಮ್ಮ ಕಟ್ಟು ಕೊಡ್ರೀ, ಆಡಿ ತಂದ್ಕೊಡ್ತೀನಿ" ಎಂದರು. ಸಹಿ ಹಾಕಲು ಪೆನ್ನು ಕೇಳಿದವರಿಗೂ ಕ್ಯಾಪು ನಾನಿಟ್ಟುಕೊಂಡು ಕೊಡುವವನು ನಾನು. ಕಟ್ಟಿದ್ದ ಡ್ರಾಯರಿನ ಬೀಗ ಮುಟ್ಟಿ ನೋಡಿಕೊಂಡೆ. ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. "ಕೊಡ್ರೀ, ನಿಮ್ ಕೈಲಿದ್ರೆ ಹೆಂಗೂ ಗೆಲ್ಲಲ್ಲ."

ಕೊಟ್ಟೆ. ಕೊಟ್ಟು ಸುಮ್ಮನಿರಲಾರದೆ ಬೆಳಗಿನ ರೈಲಿಗೆ ನಾನೂ ಹತ್ತಿದೆ.

ಪಂದ್ಯದ ಹಾಲ್ ತುಂಬ ಕಾಲೇಜು ಹುಡುಗರು. ಹೊಸ ಪಟ್ಟಿ ಅರ್ಧ ಜನರ ಕಟ್ಟುಗಳನ್ನು ಮುರಿದಿತ್ತು. ಹೋರಿ ಕಳೆದುಕೊಂಡವರು ಅವಸರದಲ್ಲಿ ಜೋಡಿಸಿದ ಕಟ್ಟು ಹಿಡಿದು, ಮುಂದೇನು ಮಾಡಬೇಕೆಂದು ತಿಳಿಯದೆ ಪ್ರತಿ ಕಾರ್ಡನ್ನೂ ಹೊಸದಾಗಿ ಓದುತ್ತಿದ್ದರು. ಹೋರಿಗೆ ಹೆದರಿ ಆಡುವುದನ್ನೇ ಬಿಟ್ಟಿದ್ದವರು ಮತ್ತೆ ಬಂದು ಎದೆಯುಬ್ಬಿಸಿ ಕೂತಿದ್ದರು. ಇವರ ನಡುವೆ ಸೀರೆ ಸೆರಗು ಸಿಕ್ಕಿಸಿಕೊಂಡ ನಮ್ಮ ಡಾಕ್ಟರಮ್ಮ. ನಾನು ಅವರ ಬೆನ್ನ ಹಿಂದೆ ಕೂತು ನೋಡಿದೆ. ನಾನು ಯಾವತ್ತೂ ಮೇಜಿಗಿಳಿಸದ ಕಾರ್ಡುಗಳು ಇಳಿದವು, ಓಡಿದವು, ಗೆದ್ದವು. ಮೂರು ಸುತ್ತು ಗೆದ್ದು ನಾಲ್ಕನೆಯದರಲ್ಲಿ ಒಬ್ಬ ಕಾಲೇಜು ಹುಡುಗಿಗೆ ಸೋತು, "ಭೇಷ್ ಕಣಮ್ಮ" ಎಂದು ಅವಳ ಬೆನ್ನು ತಟ್ಟಿ ಎದ್ದರು. ಸೋತದ್ದು ನನ್ನ ಕಾರ್ಡುಗಳು. ಆದರೂ ನನಗೆ ಒಂದಿಷ್ಟೂ ಹೊಟ್ಟೆ ಉರಿಯಲಿಲ್ಲ, ಅದೇ ಆಶ್ಚರ್ಯ.

ತಿಂಗಳೊಳಗೆ ಅವರು ಬೀದರ್ ಕಡೆಗೆ ಹೊರಟರು. ಅಂಥ ಎದುರಾಳಿ ನನಗೆ ಮತ್ತೆ ಸಿಕ್ಕಿಲ್ಲ. ಎರಡು ವರ್ಷ ಅವರ ಒಂದು ಕಾರ್ಡನ್ನು ಬೈಯುತ್ತ ಕೂತಿದ್ದವನಿಗೆ, ನನ್ನ ಕೈಯಲ್ಲೇ ಏನಿದೆಯೆಂದು ತೋರಿಸಿಕೊಟ್ಟವರು ಅವರು. ಈ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಮುಂದಿನ ವರ್ಷ ಬೆಂಗಳೂರಿನ ಅವಕಾಶ ನನಗೆ ಬಂತು. ಮೊದಲ ಸುತ್ತು ಗೆದ್ದೊಡನೆ ಹೊರಗೆ ಓಡಿ ಅವರಿಗೆ ಫೋನ್ ಮಾಡಿದೆ.

"ಹೆಂಗ್ ಗೆದ್ರೀ?" ಎಂದರು.

"ಕೈಲಿದ್ದಿದ್ದೆಲ್ಲ ಇಳಿಸ್ಬುಟ್ಟೆ ಮೇಡಂ. ಒಂದೂ ಇಟ್ಕೊಳ್ಳಲಿಲ್ಲ."

ಆ ಕಡೆ ಅವರು ಯಾವುದೋ ದನವನ್ನು ಗದರಿಸಿದ್ದು ಕೇಳಿಸಿತು. ಆಮೇಲೆ ಅವರು ಮೆಲ್ಲಗೆ ಹೇಳಿದರು, "ಅಯ್ಯಯ್ಯೋ, ಇನ್ಮೇಲೆ ನಿಮ್ ಎದುರು ಕೂರೋಕೆ ನಂಗೆ ಭಯ ಕಣ್ರೀ."