ಜಡ್ಜ್ ಸಾಹೇಬರನ್ನು ಹೂತ ನನ್ನ ತಮ್ಮ

ನನ್ನ ತಮ್ಮ ಲೈಲ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿದ ಮೇಲೆ ನಿಮಗೆ ಹಾಗನ್ನಿಸಲಿಕ್ಕಿಲ್ಲ. ನಮ್ಮೂರು ಬಾರ್ಡ್ಸ್‌ಟೌನಿನಲ್ಲಿ ಯಾರ ಮನೆಯ ಹೀಟರ್ ಕೆಟ್ಟರೂ, ಹಿಮ ಬೀಳುತ್ತಿದ್ದರೂ, ಎದ್ದು ಹೋಗಿ ಸರಿಮಾಡಿ ಬರುವ ಮನುಷ್ಯ ಅವನು. ಸಿಗರೇಟಿಲ್ಲ, ಇಸ್ಪೀಟಿಲ್ಲ, ಕುಡಿತವೂ ಅಷ್ಟಕ್ಕಷ್ಟೇ. ಅವನಿಗಿದ್ದದ್ದು ಒಂದೇ ಹುಚ್ಚು. ಸಿಗದ ವಿಸ್ಕಿಯ ಬೆನ್ನು ಹತ್ತುವುದು. ವರ್ಷಕ್ಕೊಮ್ಮೆ ಬಿಡುವ ಬರ್ಬನ್ ವಿಸ್ಕಿ, ನಾಲ್ಕೇ ಪೀಪಾಯಿಯಿಂದ ತುಂಬಿದ ರೈ ವಿಸ್ಕಿ, ಯಾವನೋ ಸತ್ತ ಮುದುಕನ ಹೆಸರಿಟ್ಟ ಇನ್ಯಾವುದೋ. ಸಿಕ್ಕಿದ್ದನ್ನು ಮನೆಗೆ ತಂದು ಗಾಜಿನ ಬಾಗಿಲಿನ ಬೀರುವಿನಲ್ಲಿ ನಿಲ್ಲಿಸುತ್ತಿದ್ದ. ಒಂದನ್ನೂ ತೆಗೆಯುತ್ತಿರಲಿಲ್ಲ. ತಾನೂ ಕುಡಿಯ, ಪರರಿಗೂ ಕೊಡ.

ನಮ್ಮಪ್ಪ ಇದೇ ಊರಿನ ಗೋದಾಮಿನಲ್ಲಿ ಆಯುಷ್ಯವಿಡೀ ಪೀಪಾಯಿ ಉರುಳಿಸಿದವರು. ಸಂಜೆ ಮನೆಗೆ ಬಂದು ಕಾಫಿ ಲೋಟಕ್ಕೆ ಎರಡು ಬೆರಳು ಬರ್ಬನ್ ಸುರಿದು, ಮೇಲೆ ಶುಂಠಿ ಸೋಡಾ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಅದು ಯಾವ ಬರ್ಬನ್ ಎಂದು ಕೇಳಿದರೆ, "ಇವತ್ತು ಮನೇಲಿರೋದು" ಅನ್ನುತ್ತಿದ್ದರು. ಅಂಥವರ ಹೊಟ್ಟೆಯಲ್ಲಿ ಇಂಥವನು ಹೇಗೆ ಹುಟ್ಟಿದ ಎಂದು ನಾನು ತಲೆ ಚಚ್ಚಿಕೊಂಡಿದ್ದೇನೆ. ಊರಿಗೆಲ್ಲ ಒಂದು ದಾರಿಯಾದರೆ ಇವನಿಗೇ ಒಂದು ದಾರಿ.

ವಿಸ್ಕಿ ಅಂಗಡಿಯ ಮುಂದೆ ಸಾಲು ನಿಲ್ಲುವ ವಿಷಯ ಕೇಳಿ. ಅಂಗಡಿಗೆ ಲಾರಿ ಬರುತ್ತದೆ ಎಂಬ ಸುಳಿವು ಸಿಕ್ಕರೆ ಸಾಕು, ಬೆಳಕು ಹರಿಯುವ ಮೊದಲೇ ಮಡಿಸುವ ಕುರ್ಚಿ, ಕಂಬಳಿ, ಫ್ಲಾಸ್ಕು ಹಿಡಿದು ಹೊರಟುಬಿಡುತ್ತಿದ್ದ. ಅಲ್ಲಿ ಅವನ ಗೆಳೆಯ ಗ್ರೇಡಿ ಆಗಲೇ ಕೂತಿರುತ್ತಿದ್ದ. ಅವನದೂ ಇದೇ ರೋಗ. ಅಂಗಡಿಯವನ ಮನಸ್ಸು ಒಲಿಸಿಕೊಳ್ಳಲು ಲೈಲನ ಹೆಂಡತಿ ಟ್ರೂಡಿ ಪೆಕಾನ್ ಬೀಜ ತುಂಬಿದ ಹೋಳಿಗೆಯಂಥ ಸಿಹಿ ಮಾಡಿ ಕಳಿಸಬೇಕಿತ್ತು. ಅಂಗಡಿಯವನು, "ಒಳ್ಳೇದು ಬೇಕಂದ್ರೆ ಇದನ್ನೂ ತಗೊಳ್ಳಿ" ಎಂದು ಯಾರೂ ಮೂಸದ ರಾಸ್ಪ್‌ಬೆರಿ ವೋಡ್ಕಾ ತಲೆಗೆ ಕಟ್ಟುತ್ತಿದ್ದ. ಟ್ರೂಡಿ ಆ ವೋಡ್ಕಾದಲ್ಲಿ ಕಿಟಕಿಯ ಗಾಜು ಒರೆಸುತ್ತಾಳೆ. ಈಗಲೂ ಮುಗಿದಿಲ್ಲ.

ಒಂದು ಮಾತು ಒಪ್ಪುತ್ತೇನೆ. ಒಮ್ಮೆ ಆ ಸಾಲಿನ ಪಕ್ಕ ಕಾರಿನಲ್ಲಿ ಹೋಗುವಾಗ ಅವನು ಆ ಚಳಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದನ್ನು ಕಂಡೆ. ಮನೆಯಲ್ಲಿ ಅವನು ಅಷ್ಟು ನಕ್ಕಿದ್ದನ್ನು ನಾನು ಕಂಡಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಬೀರುವಿನ ನಡುಮಧ್ಯೆ ಇದ್ದದ್ದು 'ಜಡ್ಜ್ ಆಂಬ್ರೋಸ್' ಎಂಬ ಬರ್ಬನ್. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಬಿಳಿಗಡ್ಡದ ನ್ಯಾಯಾಧೀಶರೊಬ್ಬರು ಹುಬ್ಬು ಗಂಟಿಕ್ಕಿ ಕೂತಿದ್ದಾರೆ. ಮನೆಯಲ್ಲಿ ಎಲ್ಲರೂ ಅದನ್ನು ಜಡ್ಜ್ ಸಾಹೇಬರು ಎಂದೇ ಕರೆಯುವುದು. ಆ ಬಾಟಲಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಲೈಲನ ಒಬ್ಬಳೇ ಮಗಳು ಶೆಲ್ಬಿ ಆಗ ಎರಡನೇ ಕ್ಲಾಸು. ಶಾಲೆಯ ನಾಟಕದಲ್ಲಿ ಅವಳು ಹುಂಜ. ಟ್ರೂಡಿ ಕೆಂಪು ಕಾಲುಚೀಲ ಕತ್ತರಿಸಿ ಜುಟ್ಟು ಹೊಲಿದಿದ್ದಳು. ಮಗುವಿಗಿದ್ದದ್ದು ಒಂದೇ ಮಾತು. ಅದನ್ನು ವಾರವಿಡೀ ಬಚ್ಚಲಲ್ಲಿ, ಮೆಟ್ಟಿಲ ಮೇಲೆ, ಊಟದ ಮೇಜಿನಲ್ಲಿ ಕೂಗಿ ಕೂಗಿ ಅಭ್ಯಾಸ ಮಾಡಿದ್ದಳು. ಅಪ್ಪನ ಎದುರು ಮಾತ್ರ ಕೂಗುತ್ತಿರಲಿಲ್ಲ. "ನೀನು ನಾಟಕದಲ್ಲೇ ಕೇಳ್ಬೇಕು, ಈಗ ಕೇಳ್ಬಾರ್ದು" ಅನ್ನುತ್ತಿದ್ದಳು.

ಲೈಲ್ ಬಂದದ್ದು ನಾಟಕ ಮುಗಿದು ಕುರ್ಚಿಗಳನ್ನು ಎತ್ತಿಡುವಾಗ. ಕೈಯಲ್ಲಿ ಜಡ್ಜ್ ಸಾಹೇಬರು.

"ಅಕ್ಕಾ, ಸಿಕ್ಬಿಡ್ತು!" ಅಂದ. ಮುಖ ಅರಳಿತ್ತು.

"ನಿನ್ ಮುಖಕ್ಕಿಷ್ಟು! ಮಗು ನೋಡೋ" ಅಂದೆ.

ಮಗು ಜುಟ್ಟು ಬಿಚ್ಚಿರಲಿಲ್ಲ, ಅಷ್ಟು ಹೊತ್ತೂ ಬಾಗಿಲನ್ನೇ ನೋಡುತ್ತಿತ್ತು. ಕಾರಿನಲ್ಲಿ ಇವನು ಬಾಟಲಿಯನ್ನು ಅವಳ ಪಕ್ಕ ಕೂರಿಸಿ, ಅದಕ್ಕೂ ಸೀಟ್ ಬೆಲ್ಟ್ ಬಿಗಿದ. ಆಮೇಲೆ ತಪ್ಪಿನ ಅರಿವಾಯಿತೇನೋ, ಹಿಂದಿರುಗಿ ನೋಡಿ ಹೇಳಿದ, "ಇದು ನಿಂದೇ ಕಣಮ್ಮ. ನಿನ್ನ ಮದುವೆ ದಿನ ತೆಗಿಯೋಣ." ಶೆಲ್ಬಿ ಕೆಂಪು ಜುಟ್ಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಮಕ್ಕಳು ಇಂಥದ್ದನ್ನು ಮರೆಯುವುದಿಲ್ಲ.

ನಮ್ಮಪ್ಪನ ಕೊನೆಯ ಹುಟ್ಟುಹಬ್ಬಕ್ಕೆ ತೆಗೆಯೋ ಅಂದೆವು. "ಅದು ಶೆಲ್ಬಿ ಮದುವೆಗೆ" ಅಂದ. ಟ್ರೂಡಿ ಆಪರೇಷನ್ ಮುಗಿಸಿ ಮನೆಗೆ ಬಂದಳು. ಆಗಲೂ ಅದೇ ಮಾತು. ಹೋದ ವರ್ಷ ಶೆಲ್ಬಿಗೆ ಕೋಲ್ಟನ್ ಎಂಬ ಹುಡುಗನ ಜೊತೆ ಮದುವೆ ನಿಶ್ಚಯವಾಯಿತು. ಇನ್ನು ತಪ್ಪಿಸಿಕೊಳ್ಳಲಾರ ಎಂದುಕೊಂಡೆ. ನನ್ನ ತಮ್ಮ ನನಗೇ ಇನ್ನೂ ಪೂರ್ತಿ ಗೊತ್ತಿರಲಿಲ್ಲ.

ಮದುವೆ ಚರ್ಚಿನಲ್ಲಿ, ಊಟ ಹಾಡು ಕುಣಿತ ಎಲ್ಲ ಕೋಲ್ಟನ್‌ನ ಅಪ್ಪನ ಹೊಲದಲ್ಲಿ. ಬಯಲಲ್ಲಿ ಊಟ ಅಂದಮೇಲೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಮದುವೆಗೆ ಒಂದು ತಿಂಗಳ ಮುಂಚೆ ಆ ಜಾಗದಲ್ಲಿ ಬರ್ಬನ್ ತುಂಬಿದ ಬಾಟಲಿಯನ್ನು ತಲೆಕೆಳಗಾಗಿ ಹೂಳಬೇಕು. ಹೂತರೆ ಆ ದಿನ ಮಳೆ ಬರುವುದಿಲ್ಲ. ಮದುವೆಯ ದಿನ ಹುಡುಗಿಯೇ ಅಗೆದು ತೆಗೆದು ಎಲ್ಲರಿಗೂ ಹಂಚಬೇಕು. ನಗುವವರು ನಗಲಿ, ನನ್ನ ಮದುವೆಯಲ್ಲಿ ಹೂತಿದ್ದರು, ಒಂದು ಹನಿ ಬೀಳಲಿಲ್ಲ.

"ಜಡ್ಜ್ ಸಾಹೇಬ್ರನ್ನೇ ಹೂಳೋಣ ಅಪ್ಪ" ಅಂದಳು ಶೆಲ್ಬಿ.

ಲೈಲನ ಮುಖ ಬಿಳಿಚಿಕೊಂಡಿತು. "ಹೂಳೋಕೆ ಯಾವ್ದಾದ್ರೂ ಸಾದಾ ಬಾಟ್ಲಿ ಸಾಕು ಕಣಮ್ಮ. ಮಣ್ಣಿಗೇನು ಗೊತ್ತಾಗುತ್ತೆ? ಸಾಹೇಬ್ರನ್ನ ನಿನ್ನ ಮೊದಲ ಮಗೂನ ನಾಮಕರಣಕ್ಕೆ ಇಡೋಣ."

"ಆಮೇಲೆ ಆ ಮಗೂನ ಮದುವೆಗೆ, ಅಲ್ವಾ? ನೀನು ಮಾತು ಕೊಟ್ಟಿದ್ದೆ ಅಪ್ಪ. ಅದನ್ನ ಹೂತ್ರೆ ನೀನು ನನ್ ಮದುವೆಗೆ ಬಂದ ಹಾಗೆ. ಇಲ್ದಿದ್ರೆ ನಾಟಕಕ್ಕೆ ಬಂದೆಯಲ್ಲ, ಹಾಗೆ."

ಅಡುಗೆಮನೆಯಲ್ಲಿ ಟ್ರೂಡಿ ಸೌಟು ಆಡಿಸುವುದನ್ನು ನಿಲ್ಲಿಸಿದಳು. ಲೈಲ್ ಬೀರುವಿನ ಕಡೆ ನೋಡಿದ, ಮಗಳ ಕಡೆ ನೋಡಿದ. "ಆಯ್ತು" ಅಂದ. ಅಷ್ಟಕ್ಕೆ ನಾನು ದೇವರಿಗೆ ಕೈಮುಗಿದೆ. ಆದರೆ ಹೂಳುವಾಗ ಒಬ್ಬನೇ ಹೋಗುತ್ತೇನೆ ಎಂದು ಹಟ ಹಿಡಿದ. "ಜಾಗ ನಾಲ್ಕು ಜನಕ್ಕೆ ಗೊತ್ತಾದ್ರೆ ಬೆಳಗಾಗೋದ್ರೊಳಗೆ ಯಾರೋ ಅಗೆದುಕೊಂಡು ಹೋಗ್ತಾರೆ. ಕದಿಯೋಕೆ ನಮ್ ಗ್ರೇಡೀನೇ ಸಾಕು." ಅದೂ ಸುಳ್ಳಲ್ಲ ಎಂದು ಸುಮ್ಮನಾದೆವು. ಒಬ್ಬನೇ ಹೋಗಿ ಹೂತು ಬಂದ. ಬಂದಮೇಲೆ ಹೆಣ ಹೂತು ಬಂದವನ ಹಾಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮದುವೆಯ ದಿನ ಚರ್ಚಿನಿಂದ ಹೊರಬರುವಾಗಲೇ ಪಶ್ಚಿಮ ಕಪ್ಪಾಗಿತ್ತು. ಹೊಲಕ್ಕೆ ಬರುವಷ್ಟರಲ್ಲಿ ಸುರಿಯಿತು ನೋಡಿ! ಬಿಳಿ ಚಪ್ಪರ ಒಂದು ಕಡೆ ಕುಸಿಯಿತು. ಹೂವಿನ ಕುಂಡಗಳು ಉರುಳಿದವು. ಬರ್ಗೂ ಎಂಬ ಮಾಂಸದ ಸಾರು ಬೇಯುತ್ತಿದ್ದ ಹಂಡೆಯನ್ನು ಕೋಲ್ಟನ್ ಮತ್ತವನ ಗೆಳೆಯರು ಹೊತ್ತುಕೊಂಡು ತಂಬಾಕು ಒಣಹಾಕುವ ಷೆಡ್ಡಿಗೆ ಓಡಿದರು. ಅವರ ಹಿಂದೆ ನೆಂಟರೆಲ್ಲ ಓಡಿದರು. ಬೀಗಿತ್ತಿ ರೋನಾಳ ಹ್ಯಾಟು ಗಾಳಿಯಲ್ಲಿ ಹಾರಿ ಹಸುಗಳ ಕಡೆ ಹೋಯಿತು.

"ಬಾಟ್ಲಿ ಹೂತಿದ್ರೋ ಇಲ್ವೋ ನೀವು?" ಎಂದು ರೋನಾ ನನ್ನನ್ನು ಕೇಳಿದಳು.

ಶೆಲ್ಬಿ ಮಾತ್ರ ಗುದ್ದಲಿ ಹಿಡಿದು ಮಳೆಗೇ ಇಳಿದಳು. ಬಿಳಿಯ ಉಡುಪಿನ ಅಂಚು ಸೊಂಟಕ್ಕೆ ಸಿಕ್ಕಿಸಿಕೊಂಡು, "ಜಾಗ ತೋರ್ಸಪ್ಪ" ಅಂದಳು. ನಾನು ಛತ್ರಿ ಹಿಡಿದು ಹಿಂದೆ ಹೋದೆ. ಲೈಲ್ ಬೇಲಿ ಕಂಬದ ಪಕ್ಕ ತೋರಿಸಿದ. ನೆಲ ನೆಂದಿತ್ತು, ಹೆಚ್ಚು ಅಗೆಯಬೇಕಾಗಲಿಲ್ಲ. ಮೊದಲು ಪ್ಲಾಸ್ಟಿಕ್ ಚೀಲ ಕಾಣಿಸಿತು. ಚೀಟಿ ಹಾಳಾಗಬಾರದೆಂದು ಪುಣ್ಯಾತ್ಮ ಬಾಟಲಿಗೆ ಅದನ್ನು ಮಗುವಿಗೆ ಕುಲಾವಿ ಹಾಕಿದ ಹಾಗೆ ಸುತ್ತಿದ್ದ. ಶೆಲ್ಬಿ ಕೈಯಿಂದ ಮಣ್ಣು ಸರಿಸಿದಳು.

ಮೊದಲು ಕಾಣಬೇಕಾದದ್ದು ಬಾಟಲಿಯ ಬುಡ. ಕಂಡದ್ದು ಕತ್ತು.

ನೆಟ್ಟಗೆ ಹೂತಿದ್ದ! ಅದನ್ನು ಬೋರಲು ಇಟ್ಟರೆ ವಿಸ್ಕಿ ಬಿರಡೆಗೆ ತಾಗಿ ಬಿರಡೆ ಕೊಳೆಯುತ್ತದೆ ಎಂದು ಸಾಲಿನಲ್ಲಿ ನಿಲ್ಲುವವರೆಲ್ಲ ಹೇಳುತ್ತಾರೆ. ಮಗಳ ಮಾತೂ ಉಳಿಯಬೇಕು, ಬಿರಡೆಯೂ ಉಳಿಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಳೆ ಏನು ಮಾಡಬೇಕು ಪಾಪ?

ಶೆಲ್ಬಿ ಗುಂಡಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಲೈಲ್ ತನ್ನ ಬೂಟು ನೋಡುತ್ತಿದ್ದ. ಅವಳು ಬಾಟಲಿಯನ್ನು ಎತ್ತಿಕೊಂಡು, ಕೈಯಲ್ಲೇ ತಲೆಕೆಳಗು ಮಾಡಿ ಹಿಡಿದು ಷೆಡ್ಡಿನ ಕಡೆ ನಡೆದಳು.

"ಇದೇ ಥರ ಇತ್ತು, ಸರಿಯಾಗೇ ಹೂತಿದ್ದ ಅಪ್ಪ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಮಳೆಗೇನು, ಅದ್ರ ಪಾಡಿಗೆ ಅದು ಬಂತು."

ನನಗೆ ಲೈಲನ ಕೆನ್ನೆಗೆ ಒಂದು ಬಾರಿಸಬೇಕೆನ್ನಿಸಿತು. ಐವತ್ತು ದಾಟಿದ ತಮ್ಮನಿಗೆ ಬೀಗರ ಮುಂದೆ ಬಾರಿಸುವ ಹಾಗಿಲ್ಲ.

"ಇಲ್ಲ" ಅಂದ, ಹಿಂದೆಯೇ ಬಂದಿದ್ದ ಲೈಲ್. ಅವನ ಟೋಪಿಯಿಂದ ನೀರು ಇಳಿಯುತ್ತಿತ್ತು. "ಅವ್ಳು ನನ್ ಮಾನ ಉಳಿಸೋಕೆ ಸುಳ್ಳು ಹೇಳ್ತಿದಾಳೆ. ನಾನು ನೆಟ್ಟಗೆ ಹೂತಿದ್ದೆ. ಬಿರಡೆ ಕೆಡುತ್ತೆ ಅಂತ."

"ಬಿರಡೆ ಕೆಡುತ್ತೆ ಅಂತ!" ಅಂದಳು ರೋನಾ. "ನನ್ ಹ್ಯಾಟು ಹಸು ತಿಂತಾ ಇದೆ, ಇವ್ರಿಗೆ ಬಿರಡೆ!"

ಯಾರೋ ಪಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಲೈಲ್ ನಗಲಿಲ್ಲ. ಬಾಟಲಿ ತೆಗೆದುಕೊಂಡು ಚೀಲ ಬಿಚ್ಚಿ, ಜೇಬಿನ ಚಾಕುವಿನಿಂದ ಬಿರಡೆಯ ಮೇಲಿನ ಮೇಣ ಕೆತ್ತತೊಡಗಿದ. ಗ್ರೇಡಿ ಜನರ ನಡುವಿನಿಂದ ನುಗ್ಗಿ ಬಂದ. "ಲೈಲ್, ಬೇಡ್ವೋ! ಬೇರೆ ಬಾಟ್ಲಿ ನನ್ ಕಾರಲ್ಲಿದೆ, ಅದನ್ನ ತೆಗಿ. ಇಂಥದ್ದು ಇನ್ನೊಂದು ಸಿಗಲ್ವೋ!"

"ಸುಮ್ನಿರೋ" ಅಂದ ನನ್ನ ತಮ್ಮ. ಆ ಮಾತನ್ನು ಅವನ ಬಾಯಲ್ಲಿ ಕೇಳಲು ನಾನು ಎಷ್ಟು ಕಾಲ ಕಾದಿದ್ದೆ!

ಬಿರಡೆ ಎಳೆದ. ವರ್ಷಾನುಗಟ್ಟಲೆ ನೆಟ್ಟಗೆ ನಿಂತು ನಿಂತು ಒಣಗಿ ಹೋಗಿದ್ದ ಬಿರಡೆ, ಯಾವುದನ್ನು ಉಳಿಸಲೆಂದು ಇಷ್ಟೆಲ್ಲ ನಡೆಯಿತೋ ಆ ಬಿರಡೆ, ಅರ್ಧಕ್ಕೆ ಮುರಿದು ಪುಡಿಯಾಗಿ ವಿಸ್ಕಿಯೊಳಗೇ ಬಿತ್ತು. ಟ್ರೂಡಿ ನಿಟ್ಟುಸಿರು ಬಿಟ್ಟು ಮಗಳ ತಲೆಯಿಂದ ಮುಸುಕು ಬಿಚ್ಚಿದಳು. ಬರ್ಗೂ ಬಡಿಸಲು ತಂದಿದ್ದ ಜಗ್ಗಿನ ಬಾಯಿಗೆ ಅದನ್ನು ಕಟ್ಟಿ ಜಡ್ಜ್ ಸಾಹೇಬರನ್ನು ಸೋಸಿದೆವು. ಕಾಗದದ ಲೋಟಗಳಲ್ಲಿ ಎಲ್ಲರಿಗೂ ಒಂದೊಂದು ಗುಟುಕು ಬಂತು.

ಕುಡಿದವರೆಲ್ಲ "ಆಹಾ" ಅಂದರು. ಮರ್ಯಾದೆಯವರು. ನಾನೂ ಬಾಯಿಗೆ ಹಾಕಿದೆ, ಒಗರಿಗೆ ನಾಲಿಗೆ ಮುದುರಿಕೊಂಡಿತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಗೆ ಲೈಲ್ ಲೋಟ ಎತ್ತಿದ. ಇಷ್ಟು ವರ್ಷ ಊರಿಗೆಲ್ಲ ಅದರ ರುಚಿಯ ಬಗ್ಗೆ ಪಾಠ ಹೇಳಿದವನು ಅದನ್ನು ನಾಲಿಗೆಯ ಮೇಲೆ ಇಟ್ಟದ್ದು ಅದೇ ಮೊದಲು. ನುಂಗಿದ. ಲೋಟದೊಳಗೆ ಇಣುಕಿದ. ಇನ್ನೊಂದು ಗುಟುಕು ನುಂಗಿದ.

"ಹೇಗಿದೆಯಪ್ಪ?" ಅಂದಳು ಶೆಲ್ಬಿ.

"ಹಳೇ ಬೀರು ಬಾಗಿಲು ನೆಕ್ಕಿದ ಹಾಗಿದೆ" ಅಂದ. ಗ್ರೇಡಿಯ ಕಡೆ ತಿರುಗಿ, ತುಂಬ ಮೆಲ್ಲಗೆ ಕೇಳಿದ, "ನಿಂಗೂ ಹಾಗೇ ಅನ್ಸ್ತಾ?"

"ಸ್ವಲ್ಪ ಶುಂಠಿ ಸೋಡಾ ಇದ್ದಿದ್ರೆ..." ಅಂದ ಗ್ರೇಡಿ.

ಷೆಡ್ಡು ಹಾರಿಹೋಗುವಂತೆ ಜನ ನಕ್ಕರು. ನಾನೂ ನಗಬೇಕಿತ್ತು. ಆದರೆ ನನಗೆ ಬಂದದ್ದು ಸಿಟ್ಟು. ಚಳಿಯಲ್ಲಿ ಕೂತ ಆ ಬೆಳಗುಗಳು, ನಮ್ಮಪ್ಪನ ಆ ಹುಟ್ಟುಹಬ್ಬ, ಟ್ರೂಡಿ ಒಬ್ಬಳೇ ತಿಂದ ಬೆಳಗಿನ ತಿಂಡಿಗಳು, ಎಲ್ಲ ಈ ಒಗರಿಗಾಗಿ! ಇದರಿಂದ ಏನು ಸಿಕ್ಕಿತು ಎಂದು ಕೇಳಲೇಬೇಕು ಅಂದುಕೊಂಡು ಅವನ ಹತ್ತಿರ ಹೋದೆ.

ಅಷ್ಟರಲ್ಲಿ ಅವನೇ ಬೇರೆ ಏನನ್ನೋ ಕೇಳುತ್ತಿದ್ದ. ಮಗಳ ಮುಂದೆ, ಖಾಲಿ ಲೋಟ ಹಿಡಿದು ನಿಂತು.

"ಶೆಲ್ಬಿ, ಅವತ್ತು ನಾಟಕದಲ್ಲಿ ನೀನು ಏನಂತ ಕೂಗಿದ್ದೆ?"

ಶೆಲ್ಬಿ ಅವನನ್ನೇ ನೋಡಿದಳು. ಅವಳ ಉಡುಪು ಮೊಣಕಾಲಿನವರೆಗೂ ಕೆಸರು, ಕೂದಲು ಕೆನ್ನೆಗೆ ಅಂಟಿಕೊಂಡಿತ್ತು. ನೆನಪಿಲ್ಲ ಅನ್ನುತ್ತಾಳೆಂದುಕೊಂಡೆ. ಅವಳು ಬೂಟು ಕಳಚಿ, ಹುಲ್ಲಿನ ಪಿಂಡಿಯ ಮೇಲೆ ಹತ್ತಿ ನಿಂತಳು. ಎರಡೂ ಕೈಯನ್ನು ರೆಕ್ಕೆ ಮಾಡಿ ಪಕ್ಕೆಗೆ ಬಡಿದಳು.

"ಕೊಕ್ಕೊಕ್ಕೋ! ಬೆಳಗಾಯ್ತು, ಏಳ್ರೋ ಸೋಮಾರಿಗಳಾ, ಎಲ್ಲಾ ತಪ್ಪಿಹೋಗುತ್ತೆ!"

ಜನ ಚಪ್ಪಾಳೆ ತಟ್ಟಿದರು. ಲೈಲ್ ತಟ್ಟಲಿಲ್ಲ. ಲೋಟ ಅವನ ಕೈಯಲ್ಲಿ ಮುದ್ದೆಯಾಗಿತ್ತು.

"ಇನ್ನೊಂದ್ಸಲ ಹೇಳಮ್ಮ" ಅಂದ.