ಬೆಳ್ಳುಳ್ಳಿ, ಕಬ್ಬಿಣ ಮತ್ತು ನನ್ನ ತಂಗಿ

ಕಗ್ಗದಾಸಪುರದ ತವರಿನಲ್ಲಿ ನಾನು ಬಾಣಂತಿಯಾಗಿದ್ದಾಗ ಅಮ್ಮ ಎರಡು ವಿಷಯಗಳಲ್ಲಿ ಮಾತ್ರ ರಾಜಿಯಾಗಲಿಲ್ಲ. ಊಟಕ್ಕೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ಇರಬೇಕು, ಮಗುವಿನ ಹಾಸಿಗೆಯಡಿ ಕಬ್ಬಿಣದ ಚಾಕು ಇರಬೇಕು. ನನಗೋ ನಗು ತಡೆಯಲಾಗುತ್ತಿರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿಗೆ ಬಟ್ಟೆಗೆಂದು ಹೋಗಿ ಹಳೆ ಪುಸ್ತಕ ಹೊತ್ತು ತರುತ್ತಿದ್ದ ನಾನು, ನನ್ನ ತಂಗಿ ಇಬ್ಬರೂ ಇಂಗ್ಲಿಷ್ ಮಾಯಾಕಥೆಗಳ ಹುಚ್ಚರು. ಅವುಗಳಲ್ಲಿ ರಕ್ತ ಹೀರುವ ವ್ಯಾಂಪೈರ್ ಹೆದರುವುದು ಬೆಳ್ಳುಳ್ಳಿಗೆ, ಕಾಡಿನ ಮಾಯಾಜೀವಿ ಫೇರಿ ಹೆದರುವುದು ಕಬ್ಬಿಣಕ್ಕೆ. ಅಂಥದ್ದೊಂದು ಪುಟವನ್ನೂ ಓದದ ಅಮ್ಮ ಆ ಎರಡಕ್ಕೂ ಬಾಗಿಲು ಹಾಕಿದ್ದಳು.

ನಾನು ಫೇರಿಗಳ ಪಕ್ಷ. ತಂಗಿ ಅವುಗಳ ಜನ್ಮ ಜಾಲಾಡುತ್ತಿದ್ದಳು. "ತೊಟ್ಟಿಲಲ್ಲಿರೋ ಮಗೂನ ಕದ್ದು ತಮ್ಮದನ್ನ ಇಟ್ಟು ಹೋಗ್ತವಲ್ಲಕ್ಕ! ವ್ಯಾಂಪೈರು ಒಂದು ಕಾಲಕ್ಕೆ ಮನುಷ್ಯನೇ. ಕಚ್ಚಿದ್ರೂ ಪಾಪ, ಆಮೇಲೆ ಕೊರಗ್ತಾನೆ." ಕೊರಗುವುದೆಲ್ಲ ಈಗಿನ ಕಾದಂಬರಿಗಳಲ್ಲಿ, ಅಲ್ಲಿನ ಹಳ್ಳಿಗರ ಹಳೇ ಕಥೆಗಳಲ್ಲಿ ಅವನು ಊದಿಕೊಂಡ ಹೆಣ ಅಷ್ಟೇ ಎಂದು ನಾನು. ಜನ ಹೆಸರೆತ್ತಲೂ ಅಂಜುತ್ತಿದ್ದ ಫೇರಿಗೆ ಈಗ ರೆಕ್ಕೆ ಅಂಟಿಸಿ ಕೇಕಿನ ಮೇಲೆ ನಿಲ್ಲಿಸಿದ್ದಾರಲ್ಲ ಎಂದು ಅವಳು. ಇಬ್ಬರೂ ಸೋಲುತ್ತಿರಲಿಲ್ಲ.

ಅಂಥವಳು ಮಗು ಹುಟ್ಟಿ ವಾರಗಳಾದರೂ ಹೊರಮಾವಿನ ತನ್ನ ಮನೆಯಿಂದ ಇತ್ತ ತಲೆ ಹಾಕಲಿಲ್ಲ. ಹಿಂದಿನ ವರ್ಷ ಅವಳಿಗೆ ಗರ್ಭಪಾತವಾಗಿತ್ತು. ಅಂಥವರು ಹಸುಗೂಸನ್ನು ಮುಟ್ಟಬಾರದೆಂದು ದೊಡ್ಡಮ್ಮ ಅವಳ ಕಿವಿಗೆ ಹಾಕಿದ್ದರಂತೆ. ಗೊತ್ತಾದಾಗ ನನಗೆ ಮೈಯೆಲ್ಲ ಉರಿಯಿತು. ಫೋನಿನಲ್ಲಿ ಬೈದೇ ಕರೆದೆ.

ಭಾನುವಾರ ಬಂದಳು. ಕೋಣೆಯ ಹೊಸ್ತಿಲಾಚೆಯೇ ನಿಂತು ನಕ್ಕಳು.

"ನಾವು ವ್ಯಾಂಪೈರ್ ಜಾತಿ ಕಣಕ್ಕ. ಮನೆಯವ್ರು ಕರೀದೆ ಒಳಗೆ ಬರಂಗಿಲ್ಲ."

"ಕರೀತಿದ್ದೀನಲ್ಲ, ಬಾರೇ."

"ಮನೆ ನಿಂದಲ್ಲ, ಅಮ್ಮಂದು."

ಹಾಗೆಂದು ಅಮ್ಮನತ್ತ ನೋಡಿದಳು. ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದ ಅಮ್ಮ ಏನೆನ್ನುವಳೋ ಎಂದು ನನಗೂ ಭಯವಾಯಿತು. ದೊಡ್ಡಮ್ಮನ ಮಾತನ್ನು ಅಮ್ಮ ಎಂದೂ ಮೀರಿದವಳಲ್ಲ.

ಅಮ್ಮ ಎದ್ದು ಬಂದು ಮಗುವನ್ನು ಅವಳ ಕೈಗಿಟ್ಟಳು. "ಅದೇನೇ ಬಾಗ್ಲಲ್ಲಿ ಹರಟೆ? ಹಿಡ್ಕೋ, ಒಳಗೆ ಹೋಗಿ ಕೂತ್ಕೋ. ಒಲೆ ಮೇಲೆ ಸಾರಿದೆ, ಉಕ್ಕುತ್ತೆ."

ತಂಗಿ ಒಳಗೆ ಬಂದು ನನ್ನ ಪಕ್ಕ ಕೂತಳು. ಅಳುತ್ತಲೇ ಮಗುವಿನ ಕಿವಿ ತಿರುಗಿಸಿ ನೋಡಿ, ಚೂಪಾಗಿಲ್ಲ, ಫೇರಿಯದ್ದಲ್ಲ ಎಂದು ತೀರ್ಪು ಕೊಟ್ಟಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಒಲೆ ಹಚ್ಚಿರಲೇ ಇಲ್ಲ. ಅಮ್ಮ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು.

"ಇನ್ನೊಂದ್ ಸ್ವಲ್ಪ ಹೊತ್ತು ಅವ್ಳ ಮಡ್ಲಲ್ಲೇ ಇರ್ಲಿ ಬಿಡು" ಎಂದಳು.