ಬಲಗಡೆಯ ಕಿಟಕಿ

ಗೊಬ್ಬರಕ್ಕೆಂದು ವರ್ಷಕ್ಕೊಮ್ಮೆ ನಮ್ಮ ಗಬ್ಬೂರಿನ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದ ಆ ಹಿರಿಯ ಕುರಿಗಾರ ಎಂದೂ ಸೂರ್ಯನಿಗೆ ಮುಖ ಮಾಡಿ ಕೂತವನಲ್ಲ. "ಬೆಳಕಿಗಿ ಬೆನ್ನು ಕೊಡಬೇಕ್ರಿ ಯವ್ವಾ, ಆವಾಗ ನೆಲ ಕಾಣತದ" ಎನ್ನುತ್ತಿದ್ದ. ಸಂಜೆ ದೂರದಲ್ಲಿ ವಿಮಾನ ಹೋದರೆ ಅದಕ್ಕೆ ಕೋಲು ಎತ್ತಿ ತೋರುತ್ತಿದ್ದ.

ಎಪ್ಪತ್ತೆಂಟರಲ್ಲಿ ಮದ್ರಾಸಿನಿಂದ ಬಾಂಬೆಗೆ ನನ್ನ ಫಸ್ಟ್ ಫ್ಲೈಟ್, ಸಂಜೆಯದು. ಹೇಳಿದಾಗ ಆತ ವಿಮಾನ ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತು, ಎರಡೂ ಕೈಗಳನ್ನು ರೆಕ್ಕೆಯಂತೆ ಚಾಚಿದ. ಎಡಗೈ ಮುಳುಗುವ ಸೂರ್ಯನ ಕಡೆ, ಬಲಗೈ ಕೃಷ್ಣೆಯ ಕಡೆ.

"ಬಲಕ್ಕ ಕುಂದರ್ರಿ. ನಾ ಕಾಣ್ತೀನೇನು, ನೋಡಿ ಬಂದು ಹೇಳ್ರಿ."

ಕಾನ್ವೆಂಟಿನಲ್ಲಿ ಗ್ಲೋಬ್ ತಿರುಗಿಸಿ ಜಿಯಾಗ್ರಫಿ ಕಲಿತ ನನಗೆ ಇದು ಹೊಳೆದಿರಲೇ ಇಲ್ಲ. ಕೌಂಟರಿನಲ್ಲಿ ಬಲಗಡೆಯ ವಿಂಡೋ ಸೀಟನ್ನೇ ಕೇಳಿ ಪಡೆದೆ. ಎಡಗಡೆಯವರೆಲ್ಲ ಬಿಸಿಲಿಗೆ ಪರದೆ ಎಳೆದುಕೊಂಡಾಗ, ನನ್ನ ಕಿಟಕಿಯ ಕೆಳಗೆ ನಮ್ಮ ಇಡೀ ಸೀಮೆ ಬೆಳಗಿ ನಿಂತಿತ್ತು. ದೂರದಲ್ಲಿ ಕೃಷ್ಣೆ, ಬೆಳ್ಳಿಯ ಎಳೆ. "ಓ ಮೈ ಗಾಡ್" ಎಂದು ಪಕ್ಕದವರಿಗೆ ಕೇಳುವಂತೆ ಅಂದುಬಿಟ್ಟೆ.

ಊರಿಗೆ ಬಂದು ನಿಜವನ್ನೇ ಹೇಳಿದೆ. "ನೀ ಕಾಣಲಿಲ್ಲ ಯಪ್ಪಾ. ಹೊಳಿ ಅಷ್ಟ ಕಂಡ್ತು."

ಆತನ ಮುಖ ಅರಳಿತು. "ಮತ್ತ ಕಂಡಂಗ ಆತಲ್ರಿ! ಅವತ್ತು ಸಂಜಿಗಿ ಕತ್ತಲಾಗೂತನಕ ಆ ಹೊಳಿ ದಂಡಿಗೇ ಕೋಲು ಎತ್ತಿಕೊಂಡು ನಿಂತಿದ್ದೆ."